ಒಂಬತ್ತು ಪಿಕ್, ಒಂದು ಹೆಬ್ಬೆರಳು

ನನ್ನ ಮೇಜಿನ ಡ್ರಾಯರ್‌ನಲ್ಲಿ ಈಗ ಒಂಬತ್ತು ಥಂಬ್ ಪಿಕ್‌ಗಳಿವೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಹೆಬ್ಬೆರಳಿಗೆ ಉಂಗುರದಂತೆ ಹಾಕಿಕೊಳ್ಳುವ ಉಗುರು ಇದು. ಸಿತಾರಿನವರು ತೋರುಬೆರಳಿಗೆ ಮಿಜರಾಬ್ ಹಾಕ್ತಾರಲ್ಲ, ಅದರ ದೂರದ ದಾಯಾದಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಬೇಸ್ ಹಿಡಿದಿರುತ್ತೆ, ಉಳಿದ ಬೆರಳುಗಳು ಸಣ್ಣ ತಂತಿಗಳ ಮೇಲೆ ಹಾಡು ನುಡಿಸುತ್ತವೆ. ಮರ್ಲ್ ಟ್ರಾವಿಸ್, ಚೆಟ್ ಅಟ್ಕಿನ್ಸ್ ನುಡಿಸಿದ್ದು ಹೀಗೆ. ಗಿಟಾರ್ ಒಂದೇ, ಕೇಳೋರಿಗೆ ಇಬ್ಬರು ಕೂತ ಹಾಗೆ.

ಮೊದಲ ನಾಲ್ಕು ಕೊಂಡದ್ದು ಶೋಕಿಗೆ. ಉಳಿದ ಐದಕ್ಕೆ ಬಬಲೇಶ್ವರದ ಒಂದು ರಾತ್ರಿ ಕಾರಣ.

ಶ್ರಾವಣ ಸೋಮವಾರ, ಅಕ್ಕನ ಮನೆಯಲ್ಲಿ ಭಜನಿ. ತಿಕೋಟಾದಿಂದ ಮಾಮಾ ಏಕತಾರಿ ಹಿಡ್ಕೊಂಡು ಬಂದಿದ್ದರು. ವಯಸ್ಸು 72, ದನಿ ತೆಳ್ಳಗಾಗಿದೆ. ನಾನೂ ಗಿಟಾರ್ ಹಿಡಿದು ಪಕ್ಕದಲ್ಲಿ ಕೂತೆ. ಪಿಕ್ ಹಾಕಿದ ಹೆಬ್ಬೆರಳು ಠಣ್ ಠಣ್ ಅಂತ ಬಾರಿಸಿದ್ದೇ ಬಾರಿಸಿದ್ದು. ಎರಡು ಪದ ಆದ ಮೇಲೆ ಮಾಮಾ ಏಕತಾರಿ ಕೆಳಗಿಟ್ಟರು. "ನೀ ಬಾರ್ಸಪಾ ಅಳಿಯಾ, ನಾ ಕೇಳ್ತೀನಿ." ಆ ಮಾತಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಬೆಂಗಳೂರಿಗೆ ವಾಪಸ್ ಬಂದವನು ತಪ್ಪೆಲ್ಲ ಪಿಕ್‌ನದು ಅಂತ ತೀರ್ಮಾನಿಸಿದೆ. ತೆಳ್ಳನೆಯದು, ತುದಿ ಗಿಡ್ಡ ಇರೋದು, ಲೋಹದ್ದು. ಪ್ರತಿ ಪಾರ್ಸೆಲ್‌ಗೂ ಎರಡು ದಿನ ಖುಷಿ. ಮೂರನೇ ದಿನ ಅದೇ ಠಣ್ ಠಣ್.

ಅಕ್ಟೋಬರ್ ಚಾಟ್ನಿ ಹೊತ್ತಿಗೆ ತಿಕೋಟಾಕ್ಕೆ ಹೋದೆ. ದ್ರಾಕ್ಷಿ ಪಡದಲ್ಲಿ ಮಾಮಾ ನನ್ನ ಪಿಕ್ ಪುರಾಣ ಪೂರ್ತಿ ಕೇಳಿ, ಕೈಯಲ್ಲಿದ್ದ ಕತ್ರಿ ನನಗೆ ಕೊಟ್ಟರು. "ಹೊಸಾದು ಐತಿ, ಭಾಳ ಹರಿತ. ಕಡಿ ನೋಡೂಣು." ಯಾವ ಕಣ್ಣಿನ ಮೇಲೆ ಕಡೀಬೇಕು ಗೊತ್ತಾಗದೆ ಸುಮ್ಮನೆ ನಿಂತೆ. ಮಾಮಾ ನಕ್ಕು ಕತ್ರಿ ವಾಪಸ್ ಇಸ್ಕೊಂಡ್ರು.

ಸಂಜೆ ಏಕತಾರಿ ಮೇಲೆ ಅವರ ಬೆರಳನ್ನೇ ನೋಡ್ತಾ ಕೂತೆ. ತಂತಿ ಬಿಟ್ಟು ಜೋಳದ ಕಾಳಿನಷ್ಟೂ ದೂರ ಹೋಗೋದಿಲ್ಲ. ನನ್ನ ಹೆಬ್ಬೆರಳೋ, ಮಣಿಕಟ್ಟಿನ ಸಮೇತ ಮೇಲಿಂದ ಹಾರಿ ಬೀಳ್ತಿತ್ತು.

ವರ್ಕ್ ಫ್ರಮ್ ಹೋಮ್ ಕೇಳಿಕೊಂಡು ವಿಜಯಪುರದ ಮನೆಯಲ್ಲಿ ಉಳಿದೆ. 3 ವಾರ ಪಿಕ್ ಇಲ್ಲ, ಬರೀ ಹೆಬ್ಬೆರಳು, ಮೆಟ್ರೋನೋಮ್ 60ಕ್ಕೆ. ಬೆರಳು ಬುಡದ ಕೀಲಿನಿಂದ ಮಾತ್ರ ಆಡಬೇಕು. ಅಂಗೈ ಅಂಚು ಬ್ರಿಜ್ ಮೇಲೆ ಹಗುರಾಗಿ ಕೂತು ದಪ್ಪ ತಂತಿಗಳ ಗುಂಯ್ ಅನ್ನೋದನ್ನ ತಡೀಬೇಕು. ಟ್ರಾವಿಸ್‌ನ ಬೇಸ್ ಡುಬ್ ಡುಬ್ ಅಂತ ಮೆತ್ತಗೆ ಕೇಳೋದು ಇದರಿಂದಲೇ. ಬೇಜಾರು ಅಂದ್ರೆ ಬೇಜಾರಿನ ಕೆಲಸ. "ಹಾಡು ಯಾವಾಗ ಚಾಲೂ ಆಗ್ತೈತೋ?" ಅಂತ ಅವ್ವ ದಿನಾ ಕೇಳೋಳು.

ಹಾಗಂತ ಪಿಕ್ ಪೂರ್ತಿ ನಿರಪರಾಧಿ ಅಲ್ಲ. ಮತ್ತೆ ಹಾಕಿಕೊಂಡಾಗ ಗೊತ್ತಾಯ್ತು, ಅದು ನನ್ನ ಬೆರಳಿಗೆ ಸಡಿಲ. ಪ್ರತಿ ಮೀಟಿಗೂ ಜರುಗ್ತಿತ್ತು, ಅದನ್ನ ಹಿಡಿದಿಡೋಕೆ ನಾನು ಕೈಯೆಲ್ಲ ಬಿಗಿ ಮಾಡ್ತಿದ್ದೆ. ಬಿಸಿನೀರಲ್ಲಿ ಅದ್ದಿ, ಬೆರಳಿನ ಅಳತೆಗೆ ಒತ್ತಿ, ತಣ್ಣೀರಿಗೆ ಹಾಕಿದೆ. ತುದಿಯನ್ನ ಸ್ವಲ್ಪ ಉಜ್ಜಿ ಸವೆಸಿದೆ. ಮೊದಲು ಕೊಂಡ ನಾಲ್ಕರಲ್ಲಿ ಒಂದು ಅದು, ಒಂಬತ್ತರಲ್ಲೇ ಅಗ್ಗದ್ದು.

ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಬಂದವನು ಬಬಲೇಶ್ವರಕ್ಕೂ ಹೋದೆ. ಮಾಮಾ ಐದು ಪದ ಹಾಡಿದರು. ಐದನೆಯದರ ನಡುವೆ ನನ್ನ ಕಡೆ ತಿರುಗಿ ಕೈಸನ್ನೆ ಮಾಡಿದರು, ಇನ್ನ ಸ್ವಲ್ಪ ಜೋರ್ ಬಾರ್ಸು ಅಂತ.