ಮುಳ್ಳು ಮತ್ತು ಬಲೆ

ಮದ್ದೂರು ತಾಲ್ಲೂಕಿನ ನಿಡಘಟ್ಟದ ಸೀಮೆಯಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವ ರೈತನಿಗೆ ಜಾಲಿಯ ಮುಳ್ಳು ಚುಚ್ಚುವುದು ಹೊಸ ಸಂಗತಿಯೇನಲ್ಲ. ಮುಳ್ಳನ್ನು ಕಿತ್ತೊಗೆದು ಆತ ಮತ್ತೆ ಕೆಲಸದಲ್ಲಿ ತೊಡಗುತ್ತಾನೆ. ಕೆಲವು ದಿನಗಳಲ್ಲಿ ಆ ಜಾಗ ಊದಿಕೊಂಡು ಕೀವು ತುಂಬಿದರೆ ಅಸಹ್ಯಪಡುತ್ತಾನೆ. ಆದರೆ ಆ ಕೀವಿನ ಬಹುಭಾಗವು ಆತನ ರಕ್ಷಣೆಗಾಗಿ ಹೋರಾಡಿ ಮಡಿದ ಬಿಳಿಯ ರಕ್ತಕಣಗಳೇ ಆಗಿವೆ.

ಈ ಅರಿವಿಗೆ ದಾರಿ ತೆರೆದದ್ದೂ ಒಂದು ಮುಳ್ಳೇ ಎಂಬುದು ಸ್ವಾರಸ್ಯಕರ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಮರುದಿನ ಚಲಿಸುವ ಜೀವಕೋಶಗಳು ಅದನ್ನು ಮುತ್ತಿರುವುದನ್ನು ಕಂಡರು. ರಕ್ಷಣಾಕೋಶಗಳು ರೋಗಾಣುಗಳನ್ನು ನುಂಗುತ್ತವೆಂಬ ಅವರ ಸಿದ್ಧಾಂತಕ್ಕೆ 1908ರ ನೊಬೆಲ್ ಪುರಸ್ಕಾರ ಸಂದಿತು.

ಗಾಯಗೊಂಡ ಅಂಗಾಂಶವು ಇಂಟರ್‌ಲ್ಯೂಕಿನ್-8 ಮೊದಲಾದ ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತದೆ. ಅದರ ಜಾಡು ಹಿಡಿದು ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು ರಕ್ತನಾಳದ ಗೋಡೆಯನ್ನು ನುಸುಳಿ ಬರುತ್ತವೆ. ಇವು ನುಂಗುವುದಷ್ಟೇ ಅಲ್ಲ, ಬಲೆಯನ್ನೂ ಬೀಸುತ್ತವೆ ಎಂಬುದನ್ನು 2004ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬ್ರಿಂಕ್‌ಮನ್, ಜಿಖ್ಲಿನ್‌ಸ್ಕಿ ಮೊದಲಾದವರು ತೋರಿಸಿಕೊಟ್ಟರು. ರೋಗಾಣುವಿನ ಸ್ಪರ್ಶವಾದೊಡನೆ ಕಣದೊಳಗೆ ಸಂದೇಶವು ಕಿಣ್ವದಿಂದ ಕಿಣ್ವಕ್ಕೆ ಸಾಗುತ್ತದೆ. ಆಮ್ಲಜನಕದ ಉಗ್ರರೂಪಗಳು ಹುಟ್ಟುತ್ತವೆ. ಎಲಾಸ್ಟೇಸ್ ಮತ್ತು ಪ್ಯಾಡ್-4 ಎಂಬ ಕಿಣ್ವಗಳು ಕೋಶಕೇಂದ್ರದಲ್ಲಿ ಬಿಗಿಯಾಗಿ ಸುತ್ತಿದ ಡಿಎನ್‌ಎ ಎಳೆಗಳನ್ನು ಸಡಿಲಿಸುತ್ತವೆ. ಕೊನೆಗೆ ಕಣವು ಒಡೆದು, ತನ್ನ ಡಿಎನ್‌ಎಯನ್ನೇ ಬಲೆಯಾಗಿ ಹರಡಿ ರೋಗಾಣುಗಳನ್ನು ಸೆರೆಹಿಡಿಯುತ್ತದೆ. ಸಾಮಾನ್ಯವಾಗಿ ಆ ಬಲೆಯೇ ಅದರ ಅಂತ್ಯ.

ಆದರೆ ಈ ತ್ಯಾಗಕ್ಕೂ ಮಿತಿಯುಂಟು. ಮಂಡ್ಯವನ್ನು ಸಕ್ಕರೆಯ ನಾಡೆಂದು ಕರೆಯುವುದು ವಾಡಿಕೆ. ನಾಡಿಗೆ ಭೂಷಣವಾದ ಸಕ್ಕರೆ ರಕ್ತದಲ್ಲಿ ಮಿತಿಮೀರಿದರೆ ಶತ್ರುವಾಗುತ್ತದೆ. ಮಧುಮೇಹಿಗಳ ನ್ಯೂಟ್ರೊಫಿಲ್‌ಗಳಲ್ಲಿ ಪ್ಯಾಡ್-4 ಹೆಚ್ಚಾಗಿದ್ದು, ಅವು ಬಲೆ ಬೀಸಲು ಅತಿಯಾಗಿ ಸಿದ್ಧವಾಗಿರುತ್ತವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಮಧುಮೇಹವಿರುವ ಇಲಿಗಳಲ್ಲಿ ಈ ಬಲೆಗಳು ಗಾಯದಲ್ಲಿ ತುಂಬಿಕೊಂಡು, ಮಾಯುವುದಕ್ಕೇ ಅಡ್ಡಿಯಾದವು. ಆ ಕಿಣ್ವವಿಲ್ಲದ ಇಲಿಗಳ ಗಾಯಗಳು ಬೇಗ ಮಾಗಿದವು. ಕಾವಲುಗಾರನ ಬಲೆಯಲ್ಲಿ ಮನೆಯವರೇ ಸಿಲುಕಿದಂತಾಯಿತು.

ಇದಕ್ಕೆ ಮತ್ತೊಂದು ವಿಪತ್ತು ಕೂಡಿಕೊಳ್ಳುತ್ತದೆ. ಬಹುಕಾಲದ ಮಧುಮೇಹದಿಂದ ಪಾದದ ನರಗಳು ಜಡವಾಗಿ, ಮುಳ್ಳು ಚುಚ್ಚಿದ್ದೇ ತಿಳಿಯದೆ ಹೋಗಬಹುದು. ನೋವಿಲ್ಲವೆಂದು ಉದಾಸೀನ ಮಾಡಿದ ಗಾಯವು ಕಾಲನ್ನೇ ಕಳೆಯುವ ಹಂತಕ್ಕೆ ಮುಟ್ಟಬಹುದು.

ಆದುದರಿಂದ ಸಕ್ಕರೆ ಕಾಯಿಲೆಯುಳ್ಳವರು ಮೆಟ್ಟು ಧರಿಸಿಯೇ ನಡೆಯುವುದು, ಪ್ರತಿದಿನ ಸಂಜೆ ಕಾಲು ತೊಳೆದು ಅಂಗಾಲನ್ನು ಪರೀಕ್ಷಿಸುವುದು, ಸಣ್ಣ ಗಾಯವಾದರೂ ವೈದ್ಯರಿಗೆ ತೋರಿಸುವುದು ಅತ್ಯವಶ್ಯ. ಅಂಗಾಲು ಕಾಣದಷ್ಟು ಕಣ್ಣು ಮಂಜಾದ ಹಿರಿಯರಿದ್ದಲ್ಲಿ ಮನೆಯ ಮಕ್ಕಳು ಈ ಕಾರ್ಯವನ್ನು ವಹಿಸಿಕೊಳ್ಳಲಿ. ಒಳಗಿನ ಕಾವಲು ಎಷ್ಟೇ ನಿಷ್ಠೆಯಿಂದ ನಡೆದರೂ, ಹೊರಗಿನ ಎಚ್ಚರವಿಲ್ಲದೆ ಅದು ಸಫಲವಾಗದು.