ರಾಗಿಯ ನಾಡಿನಿಂದ ಬಂದ ಅತಿಥಿ



ನಮ್ಮ ಧರ್ಮಕೇಂದ್ರಗಳ ಶಾಲೆಗಳಿಗೆ ವಿದೇಶಿ ಅತಿಥಿಗಳು ಬರುವುದು ಹೊಸದೇನಲ್ಲ. ಅವರು ಬಂದಾಗ ನಡೆಯುವುದನ್ನೆಲ್ಲ ನೀವು ಬಲ್ಲಿರಿ. ಗೇಟಿನ ಬಳಿ ಬ್ಯಾಂಡು, ವೇದಿಕೆಯಲ್ಲಿ ಮೈಸೂರು ಪೇಟ, ಶಾಲು, ಹಾರ. ಮಕ್ಕಳು ಒಂದು ತಿಂಗಳು ಅಭ್ಯಾಸ ಮಾಡಿದ ಕೋಲಾಟ. ಕೊನೆಗೆ ಅತಿಥಿಗಳು ಐದು ನಿಮಿಷ ಮಾತನಾಡಿ, ಮಿಠಾಯಿ ಹಂಚಿ, ಕಾರು ಹತ್ತುತ್ತಾರೆ. ಅತಿಥಿ ಸತ್ಕಾರವನ್ನು ನಾನು ಹಳಿಯುತ್ತಿಲ್ಲ. ಆದರೆ ಆ ದಿನ ಮಕ್ಕಳು ಕಲಿತದ್ದೇನೆಂದು ಕೇಳಿಕೊಂಡರೆ, ಬಿಳಿಯರು ಕೊಡುವವರು, ನಾವು ಪಡೆಯುವವರು ಎಂಬ ಒಂದೇ ಪಾಠ ನನಗೆ ಕಾಣುತ್ತದೆ.

2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಸುಡಾನ್ ದೇಶದವನೊಬ್ಬನ ಕಾರು ಢಿಕ್ಕಿಯಾಗಿ ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ, ಬಳಿಕ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಸುಡಾನ್ ಬೇರೆ, ಟಾಂಜಾನಿಯಾ ಬೇರೆ. ಗುಂಪಿನ ಕಣ್ಣಿಗೆ ಕಂಡದ್ದು ಬಣ್ಣವೊಂದೇ. ಆ ಜನರೂ ಯಾವುದೋ ಶಾಲೆಯಲ್ಲಿ ಓದಿದವರೇ ತಾನೆ?

ಅದರ ಮರುವರ್ಷ ನಾನಿದ್ದ ಧರ್ಮಕೇಂದ್ರದ ಶಾಲೆಗೆ ಉಗಾಂಡಾದ ಯುವ ಗುರುಗಳೊಬ್ಬರನ್ನು ಆಹ್ವಾನಿಸಿದೆ. ಅವರು ಉನ್ನತ ವ್ಯಾಸಂಗಕ್ಕಾಗಿ ಬೆಂಗಳೂರಿಗೆ ಬಂದಿದ್ದರು. ಪೇಟ, ಕೋಲಾಟ ಯಾವುದೂ ಬೇಡವೆಂದು ಶಿಕ್ಷಕರಿಗೆ ಮೊದಲೇ ತಿಳಿಸಿದ್ದೆ. ಏಳನೆಯ ತರಗತಿಯ ಕೊಠಡಿ, ಒಂದು ಭೂಪಟ, ಎರಡು ಗಂಟೆಯ ಕಾಲ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು.

ಮೊದಲ ಪ್ರಶ್ನೆ ನಿರೀಕ್ಷಿಸಿದಂತೆಯೇ ಬಂತು: "ಫಾದರ್, ನೀವು ಆಫ್ರಿಕಾ ಭಾಷೆ ಮಾತಾಡ್ತೀರಾ?" ಅವರು ನಕ್ಕರು. ಆಫ್ರಿಕಾ ಒಂದು ದೇಶವಲ್ಲ, ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡ. ಉಗಾಂಡಾ ಒಂದರಲ್ಲಿಯೇ ನಲವತ್ತರಷ್ಟು ಭಾಷೆಗಳಿವೆ ಎಂದರು. ಭೂಪಟದಲ್ಲಿ ವಿಕ್ಟೋರಿಯಾ ಸರೋವರವನ್ನು ತೋರಿಸಿ, ನೈಲ್ ನದಿ ಅದರಿಂದ ಹೊರಡುವ ಜಿಂಜಾ ಎಂಬ ಊರಿನಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ವಿಸರ್ಜಿಸಲಾಯಿತೆಂದು ಹೇಳಿದಾಗ, ನಮ್ಮ ಸಮಾಜ ವಿಜ್ಞಾನದ ಶಿಕ್ಷಕರೂ ಹುಬ್ಬೇರಿಸಿದರು. ಉಗಾಂಡಾದ ಇಪ್ಪತ್ತೆರಡು ರಕ್ತಸಾಕ್ಷಿಗಳ ಕಥೆಯನ್ನೂ ಹೇಳಿದರು. ಅವರಲ್ಲಿ ಹಲವರು ಅರಮನೆಯಲ್ಲಿ ಊಳಿಗಕ್ಕಿದ್ದ ಹುಡುಗರು. ಸಂತ ಚಾರ್ಲ್ಸ್ ಲ್ವಾಂಗಾ 1886ರ ಜೂನ್ 3ರಂದು ಬೆಂಕಿಯಲ್ಲಿ ಪ್ರಾಣ ತೆತ್ತವರು. ಕಿರಿಯನಾದ ಕಿಜಿಟೊಗೆ ಸುಮಾರು ಹದಿನಾಲ್ಕು ವರ್ಷ. 1964ರಲ್ಲಿ ಆರನೇ ಪೌಲರು ಅವರಿಗೆ ಸಂತ ಪದವಿಯನ್ನಿತ್ತರು. ತಮ್ಮ ವಯಸ್ಸಿನವನೊಬ್ಬ ಸಂತನೆಂದು ಕೇಳಿದ ಮಕ್ಕಳು ಮಿಸುಕಾಡದೆ ಕುಳಿತಿದ್ದರು.

ಮಧ್ಯಾಹ್ನ ಮಕ್ಕಳೊಡನೆಯೇ ಊಟ. ಮುದ್ದೆ, ಸೊಪ್ಪಿನ ಸಾರು. ಅತಿಥಿಗೆಂದು ಅಡುಗೆಯವರು ಅನ್ನವನ್ನೂ ಮಾಡಿಟ್ಟಿದ್ದರು. ಅವರು ಅನ್ನದ ಕಡೆ ನೋಡಲಿಲ್ಲ. ಮುದ್ದೆ ಮುರಿದು, ಬೆರಳಿನಲ್ಲಿ ಅದುಮಿ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದರು. ಮಕ್ಕಳು ಬೆರಗಾದರು. ಅವರ ನಾಡಿನಲ್ಲಿ ಅದಕ್ಕೆ "ಕಾಲೊ" ಎಂದು ಹೆಸರು. ಕೆಲವೆಡೆ ಮರಗೆಣಸಿನ ಹಿಟ್ಟನ್ನು ಬೆರೆಸುವುದೂ ಉಂಟು. ನಮ್ಮದೇ ಎಂದು ನಾವು ಹೆಮ್ಮೆಪಡುವ ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದು ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದಿತು. (ಸಾರಿನೊಳಗಿನ ಹುಣಸೆಯೂ ಆಫ್ರಿಕಾ ಮೂಲದ್ದೇ ಎಂದು ನಾನು ಸೇರಿಸಿದೆ. ಅಡುಗೆಯವರು ನಂಬಲಿಲ್ಲ.)

ಊಟದ ಬಳಿಕ ಅವರೇ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದರು. "ಬೆಂಗಳೂರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಹಳ ಹೊತ್ತು ಖಾಲಿಯೇ ಇರುತ್ತದೆ. ಏಕೆ?" ನಾನು ಅನುವಾದಿಸುವ ಮೊದಲೇ ಕೆಲವರಿಗೆ ಅರ್ಥವಾಗಿತ್ತು. ಕೊಠಡಿ ಮೌನವಾಯಿತು. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯು ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಕರೆದವನು ಆಫ್ರಿಕದವನು, ಕುಳಿತವನು ಪ್ರೇಷಿತರ ಸಂಗಡಿಗ. ಇದನ್ನು ಹೇಳಿ ಆ ಮೌನವನ್ನು ತುಂಬೋಣವೆಂದುಕೊಂಡೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಫಾದರ್, ನಮ್ಮೂರ ಬಸ್ಸಿಗೆ ಬನ್ನಿ. ಅದರಲ್ಲಿ ಸೀಟು ಖಾಲಿ ಇರೋದೇ ಇಲ್ಲ, ಎಲ್ಲರೂ ಒತ್ಕೊಂಡೇ ನಿಲ್ಬೇಕು." ನಗು ಉಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತಿಥಿಗಳು.

ಇಂಥವರನ್ನು ಕರೆಸಲು ವಿಮಾನದ ಖರ್ಚು ಬೇಕಿಲ್ಲ, ಓದುಗರೇ. ಬೆಂಗಳೂರು, ಮೈಸೂರುಗಳಲ್ಲಿ ಆಫ್ರಿಕಾದ ವಿದ್ಯಾರ್ಥಿಗಳಿದ್ದಾರೆ, ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರಿದ್ದಾರೆ. ಶತಮಾನಗಳ ಹಿಂದೆ ಪೋರ್ಚುಗೀಸರು ಗುಲಾಮರನ್ನಾಗಿ ತಂದ ಆಫ್ರಿಕನ್ನರ ವಂಶಜರಾದ ಸಿದ್ದಿಯರು ಯಲ್ಲಾಪುರ, ಹಳಿಯಾಳಗಳಲ್ಲಿ ನಮ್ಮವರಾಗಿಯೇ ಇದ್ದಾರೆ. ಅವರಲ್ಲಿ ಅನೇಕರು ಕಥೋಲಿಕರು, ಕನ್ನಡಿಗರು. ಅವರನ್ನೂ "ಯಾವ ದೇಶದವರು?" ಎಂದು ಕೇಳುವವರು ನಮ್ಮಲ್ಲಿದ್ದಾರೆ.

ಮರುದಿನ ಪಾಲಕರೊಬ್ಬರು ಕಚೇರಿಗೆ ಬಂದು, "ಸ್ವಾಮಿ, ನಿನ್ನೆ ಬಂದಿದ್ದ ಫಾರಿನ್ ಫಾದರ್ ಶಾಲೆಗೆ ಎಷ್ಟು ಕೊಟ್ಟರು?" ಎಂದು ವಿಚಾರಿಸಿದರು. ಅವರು ಏನೂ ಕೊಟ್ಟಿಲ್ಲ, ನಾವೇ ಎರಡು ಕಿಲೋ ರಾಗಿ ಹಿಟ್ಟು ಕಟ್ಟಿಕೊಟ್ಟು ಕಳುಹಿಸಿದೆವು ಎಂದೆ.