ಮೆಕ್ಸಿಕೋದ ಊಟ, ಕುಂದಾಪುರದ ಖರ್ಚು

ಮನೆಗೆ ಹೊಸ ಸೊಸೆ ಬಂದರೂ, ಹೊಸ ಯಂತ್ರ ಬಂದರೂ ನೆರೆಹೊರೆಯವರು ಒಮ್ಮೆ ಇಣುಕಿ ನೋಡಿಹೋಗುವುದು ನಮ್ಮ ಕಡೆಯ ವಾಡಿಕೆ. ಮಿಕ್ಸಿ ಬಂದಾಗ ಹಾಗಾಯಿತು, ಫ್ರಿಜ್ ಬಂದಾಗಲೂ ಹಾಗಾಯಿತು. ಕಳೆದ ವರ್ಷ ನಮ್ಮ ಅಡುಗೆಮನೆಯ ಮೂಲೆಗೆ ಏರ್ ಫ್ರೈಯರ್ ಎಂಬ ಪೆಟ್ಟಿಗೆ ಬಂದು ಕುಳಿತಾಗ ಪಕ್ಕದ ಮನೆಯ ಅಕ್ಕ ಅದಕ್ಕೊಂದು ಪ್ರದಕ್ಷಿಣೆ ಬಂದು, "ಹ್ವಾಯ್, ಬೆಂಕಿಯೂ ಕಾಂತಿಲ್ಲ, ಎಣ್ಣೆಯೂ ಕಾಂತಿಲ್ಲ, ಬೇವುದ್ ಹ್ಯಾಂಗೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಬಹಳ ಸುಲಭ. ಹೆಸರಿನಲ್ಲಿ 'ಫ್ರೈ' ಇದ್ದರೂ ಅದು ಕರಿಯುವ ಯಂತ್ರವಲ್ಲ. ಮೇಲೆ ಕಾಯುವ ಸುರುಳಿ, ಅದರ ಬೆನ್ನಿಗೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ. ಬಿಸಿಗಾಳಿ ಬುಟ್ಟಿಯೊಳಗೆ ಗಿರಗಿರನೆ ಸುತ್ತಿ ಪದಾರ್ಥದ ಮೈಯ ನೀರನ್ನು ಹೀರಿ ಗರಿಗರಿ ಮಾಡುತ್ತದೆ. ಅಂದರೆ ಬೇಕರಿಯವರ ಒಲೆಯ ಪುಟ್ಟ ತಮ್ಮ ಎನ್ನಬಹುದು. ಫಿಲಿಪ್ಸ್ ಕಂಪನಿಯವರು 2010ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ನಮ್ಮಂಥ ಊರುಗಳ ಅಡುಗೆಮನೆ ಸೇರಲು ಅದಕ್ಕೆ ಹತ್ತು ಹನ್ನೆರಡು ವರ್ಷ ಹಿಡಿಯಿತು.

ನಮ್ಮವರಿಗೆ ಎಣ್ಣೆ ಕಮ್ಮಿ ಮಾಡಿ ಎಂದು ವೈದ್ಯರು ಹೇಳಿದ್ದರಿಂದ ನನ್ನ ಚೀಟಿ ಹಣದಲ್ಲಿ ಇದನ್ನು ಕೊಂಡೆ. ಆದರೆ ಇದು ನಿಜವಾಗಿ ಕೆಲಸಕ್ಕೆ ಬಂದದ್ದು ನಮ್ಮ ಮಗನ ಒಂದು ಮಾತಿನಿಂದ. ಮಂಗಳೂರಿನಲ್ಲಿ ಓದುವ ಅವನು ರಜೆಗೆ ಬಂದಾಗ, ಗೆಳೆಯರ ಜೊತೆ ಹೋಟೆಲಿನಲ್ಲಿ 'ಮೆಕ್ಸಿಕನ್ ಪೋರ್ಕ್' ತಿಂದದ್ದನ್ನು ಬಾಯಿ ಚಪ್ಪರಿಸಿ ಹೇಳಿದ. ಒಂದು ತಟ್ಟೆಗೆ 390 ರೂಪಾಯಿಯಂತೆ! "ಮನೆಯಲ್ಲೇ ಮಾಡೋಣ, ಗೆಳೆಯರನ್ನು ಕರೆದುಕೊಂಡು ಬಾ" ಎಂದೆ. ಅವನು ನಕ್ಕು, "ನಮ್ಮಲ್ಲಿ ಅದೆಲ್ಲ ಎಲ್ಲಮ್ಮಾ" ಎಂದ. ಅದರಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಆ ಮಾತು ಮುಳ್ಳಿನಂತೆ ಚುಚ್ಚಿತು. ನಮ್ಮವರದು ಗಂಗೊಳ್ಳಿಯ ಬೋಟುಗಳನ್ನೇ ನಂಬಿದ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ನಮ್ಮಂಥ ಮನೆಗಳಲ್ಲಿ ಪ್ರತಿ ರೂಪಾಯಿಯನ್ನೂ ತಿರುಗಿಸಿ ನೋಡಿಯೇ ಖರ್ಚು ಮಾಡುವುದು. ಮಕ್ಕಳು ಅದನ್ನು ನೋಡುತ್ತಲೇ ಬೆಳೆದವರು. ಹಾಗಾಗಿ ಏನನ್ನೂ ಕೇಳದೆ ಇರುವುದನ್ನು ಅವರು ತಾವಾಗಿಯೇ ಕಲಿತುಬಿಡುತ್ತಾರೆ. ಮಕ್ಕಳು ಹಟ ಮಾಡಿ ಕೇಳಿದರೆ ತಾಯಿಗೆ ಕೋಪ ಬರುತ್ತದೆ, ಕೇಳುವುದನ್ನೇ ಬಿಟ್ಟರೆ ಸಂಕಟವಾಗುತ್ತದೆ. ಅಲ್ಲವೇ?

ಹಾಗಾದರೆ ಈ ಮೆಕ್ಸಿಕೋದ ಅಡುಗೆ ಅಂಥ ದೊಡ್ಡದೇನು ಎಂದು ವಿಚಾರಿಸಿದೆ. ಅದರ ಹೆಸರು 'ಕಾರ್ನಿತಾಸ್'. ಹಾಗೆಂದರೆ ಸಣ್ಣ ಸಣ್ಣ ಮಾಂಸದ ತುಂಡುಗಳು, ಅಷ್ಟೇ. ಮೆಕ್ಸಿಕೋ ದೇಶದ ಮಿಚೋಆಕಾನ್ ಎಂಬ ಪ್ರಾಂತ ಅದಕ್ಕೆ ಹೆಸರುವಾಸಿ. ಅಲ್ಲಿಯವರು ದೊಡ್ಡ ತಾಮ್ರದ ಕಡಾಯಿಯಲ್ಲಿ ಹಂದಿಯ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಅಂಚು ಗರಿಯಾಗುವವರೆಗೆ ಬಿಟ್ಟು, ಜೋಳದ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರೆ. ಆ ಜೋಳವೆಂದರೆ ನಮ್ಮ ಮುಸುಕಿನ ಜೋಳ. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ತಟ್ಟುತ್ತಾರೆ. ತಾಮ್ರದ ಕಡಾಯಿ, ರುಬ್ಬುವ ಕಲ್ಲು, ತಟ್ಟುವ ರೊಟ್ಟಿ! ಇದರಲ್ಲಿ ನಮಗೆ ಗೊತ್ತಿಲ್ಲದ್ದು ಯಾವುದು?

ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಹಂದಿ ಮಾಂಸ ಹೊಸತಲ್ಲ. ಕುಂದಾಪುರದ ರೋಸರಿ ಮಾತೆಯ ಇಗರ್ಜಿ 1570ರದ್ದು. ಅದರ ತೆರಾಲಿ ಹಬ್ಬಕ್ಕಾಗಲಿ, ಮದುವೆ ಮನೆಗಾಗಲಿ, ಬಫಾತ್ ಪುಡಿ ಹಾಕಿದ 'ದುಕ್ರಾ ಮಾಸ್' ಮತ್ತು ಸಣ್ಣ (ಕಳ್ಳು ಹಾಕಿ ಉಬ್ಬಿಸಿದ ಇಡ್ಲಿ) ಇಲ್ಲದಿದ್ದರೆ ಊಟವಾಯಿತೆಂದು ಯಾರೂ ಒಪ್ಪುವುದಿಲ್ಲ. ಆ ಬಫಾತ್ ಪುಡಿಯ ಬಣ್ಣ ಬರುವುದು ಮೆಣಸಿನಕಾಯಿಯಿಂದ. ಮೆಣಸಿನಕಾಯಿಯ ತವರು ಯಾವುದು ಗೊತ್ತೇ? ಅದೇ ಮೆಕ್ಸಿಕೋದ ಕಡೆ. ಪೋರ್ಚುಗೀಸರ ಹಡಗುಗಳ ಮೂಲಕ ಹದಿನಾರನೇ ಶತಮಾನದಲ್ಲಿ ಅದು ನಮ್ಮ ಕರಾವಳಿಗೆ ಬಂತು. ಆಗ ನಮ್ಮ ಬಸ್ರೂರು ದೊಡ್ಡ ಬಂದರು. ಅಲ್ಲಿಂದ ಪೋರ್ಚುಗೀಸರು ಅಕ್ಕಿ ಕೊಂಡೊಯ್ಯುತ್ತಿದ್ದರು. ಅದಕ್ಕೂ ಮೊದಲು ನಮ್ಮವರಿಗೆ ಖಾರವೆಂದರೆ ಕಾಳುಮೆಣಸೇ. ಹೊಸ ಕಾಯಿ ಬಂದು ಹೆಸರನ್ನೂ ಕಸಿದುಕೊಂಡಿತು. ಪಾಪ, ಹಳೆಯದನ್ನು ಗುರುತಿಸಲು ಇವತ್ತಿಗೂ ನಾವು 'ಒಳ್ಳೆ ಮೆಣಸು' ಎನ್ನುತ್ತೇವೆ!

ಇನ್ನೊಂದು ತಮಾಷೆ ಕೇಳಿ. ಮೆಕ್ಸಿಕೋದಲ್ಲಿ ಮೊದಲು ಸಾಕುಹಂದಿಯೇ ಇರಲಿಲ್ಲ. ಕೊಲಂಬಸ್ 1493ರ ತನ್ನ ಎರಡನೆಯ ಯಾತ್ರೆಯಲ್ಲಿ ಹಂದಿಗಳನ್ನು ಆ ಕಡೆಯ ದ್ವೀಪಗಳಿಗೆ ಒಯ್ದ. 1521ರಲ್ಲಿ ಮೆಕ್ಸಿಕೋ ಸ್ಪೇನಿನವರ ಕೈವಶವಾದ ಮೇಲೆ ಅಲ್ಲೂ ಹಂದಿ ಸಾಕಣೆ ಹಬ್ಬಿತು. ಅವರಿಂದ ನಮಗೆ ಮೆಣಸಿನಕಾಯಿ ಬಂದ ಹಾಗೆ ಅವರಿಗೆ ಹಂದಿ ಬೇರೆಯವರಿಂದ ಬಂತು. ಅಂದ ಮೇಲೆ ಅವರ ಅಡುಗೆ ನಮಗೆ ದೂರದ ನೆಂಟನೇ ಸರಿ. ನೆಂಟರ ಮನೆಯ ಅಡುಗೆಗೆ ಹೋಟೆಲಿನವರಿಗೆ 390 ರೂಪಾಯಿ ಕೊಡಬೇಕೆ?

ಅಂಗಡಿಯಲ್ಲಿ ಸಿಗುವ ಮೆಕ್ಸಿಕನ್ ಮಸಾಲೆಯ ಪೊಟ್ಟಣ, ಒರೆಗಾನೋ ಬಾಟಲಿ, ಟಾರ್ಟಿಲ್ಲಾ ಕಟ್ಟು ಎಲ್ಲ ಕೊಂಡರೆ ಮಾಂಸಕ್ಕಿಂತ ಅವುಗಳದ್ದೇ ಹೆಚ್ಚಾಗುತ್ತದೆ. ಹಾಗಾಗಿ ಒಂದೊಂದಕ್ಕೂ ಮನೆಯ ಬದಲಿ ಹುಡುಕಿದೆ. ಅವರ ಗುವಾಹಿಯೋ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ನಮ್ಮ ಬ್ಯಾಡಗಿಯ ಗುಣವೂ ಅದೇ. ಒರೆಗಾನೋ ಬದಲು ಹಿತ್ತಲಿನ ದೊಡ್ಡಪತ್ರೆ, ತಂಬುಳಿಗೆ ಹಾಕುತ್ತೇವಲ್ಲ, ಅದೇ ಸೊಪ್ಪು. ಅದನ್ನು ಇಂಗ್ಲಿಷಿನಲ್ಲಿ 'ಮೆಕ್ಸಿಕನ್ ಮಿಂಟ್' ಎಂದು ಕರೆಯುವುದನ್ನು ಕೇಳಿ ನನಗೇ ನಗು ಬಂತು. ಜೊತೆಗೆ ಚಿಟಿಕೆ ಓಮ. ಕಿತ್ತಳೆ ದುಬಾರಿಯಾದಾಗ ಮೂಸಂಬಿ ಮತ್ತು ನಿಂಬೆ. ಟಾರ್ಟಿಲ್ಲಾದ ಬದಲು ಅಂಗೈಯಗಲದ ಅಕ್ಕಿ ರೊಟ್ಟಿ.

ಮಾಂಸ ಕೊಳ್ಳುವಲ್ಲಿ ಇನ್ನೊಂದು ಉಳಿತಾಯವಿದೆ. ಬರೀ ಕೆಂಪು ಮಾಂಸ ಬೇಡ. ಮುಂಗಾಲಿನ ಮೇಲಿನ ಭುಜದ ಭಾಗ ಕೇಳಿ, ಕೊಬ್ಬು ಸೇರಿದ್ದೇ ಇರಲಿ. ಅದರಲ್ಲಿ ನಾರು ಜಾಸ್ತಿಯೆಂದು ಕೆಲವರು ಬೇಡವೆನ್ನುತ್ತಾರೆ. ಆದರೆ ನಿಧಾನವಾಗಿ ಬೆಂದಾಗ ಆ ನಾರೇ ಕರಗಿ ಅಂಟುರಸವಾಗಿ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಕೊಬ್ಬಿಲ್ಲದ ತುಂಡು ಈ ಅಡುಗೆಯಲ್ಲಿ ತೆಂಗಿನ ನಾರಿನಂತಾಗುತ್ತದೆ.

ಮಾಡುವ ಕ್ರಮ ಹೀಗಿದೆ:

ಭುಜದ ಮಾಂಸ 1 ಕಿಲೋ, ಬ್ಯಾಡಗಿ ಮೆಣಸಿನಕಾಯಿ 5, ಬೆಳ್ಳುಳ್ಳಿ 8 ಎಸಳು, ಈರುಳ್ಳಿ 1, ಜೀರಿಗೆ ಒಂದೂವರೆ ಚಮಚ, ಒಳ್ಳೆ ಮೆಣಸು 1 ಚಮಚ, ಓಮ ಕಾಲು ಚಮಚ, ದೊಡ್ಡಪತ್ರೆ 6 ಎಲೆ, ದಾಲ್ಚಿನ್ನಿ ಎಲೆ 2, ಮೂಸಂಬಿ 1, ನಿಂಬೆಹಣ್ಣು ಅರ್ಧ, ಗೋಲಿಗಾತ್ರದ ಬೆಲ್ಲ, ಉಪ್ಪು 2 ಚಮಚ.

ಮಾಂಸವನ್ನು ಮೂರು ಇಂಚಿನ ದೊಡ್ಡ ತುಂಡು ಮಾಡಿಕೊಳ್ಳಿ. ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಹುರಿದ ಜೀರಿಗೆ, ಒಳ್ಳೆ ಮೆಣಸು, ಓಮ, ಬೆಳ್ಳುಳ್ಳಿ, ದೊಡ್ಡಪತ್ರೆ ಸೇರಿಸಿ ರುಬ್ಬಿ. ಮಾಂಸಕ್ಕೆ ಉಪ್ಪಿನೊಂದಿಗೆ ಇದನ್ನು ಸವರಿ ಒಂದು ಗಂಟೆ ಇಡಿ. ಪ್ರೆಶರ್ ಕುಕ್ಕರಿನಲ್ಲಿ ಹೆಚ್ಚಿದ ಈರುಳ್ಳಿ, ದಾಲ್ಚಿನ್ನಿ ಎಲೆ, ಬೆಲ್ಲ, ಹಣ್ಣುಗಳ ರಸ, ಅರ್ಧ ಲೋಟ ನೀರು ಹಾಕಿ ಮಾಂಸ ಸೇರಿಸಿ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 30 ನಿಮಿಷ ಬೇಯಿಸಿ. ಆವಿ ತಾನಾಗಿಯೇ ಇಳಿಯಲಿ, ಅವಸರ ಬೇಡ. ತುಂಡುಗಳನ್ನು ತೆಗೆದು ಚಮಚದಿಂದ ಒತ್ತಿ ದಪ್ಪ ದಪ್ಪವಾಗಿ ಬಿಡಿಸಿ. ಉಳಿದ ರಸವನ್ನು ಕುದಿಸಿ ಅರ್ಧಕ್ಕೆ ಇಳಿಸಿ.

ಏರ್ ಫ್ರೈಯರಿನ ಸರದಿ ಈಗ. 200 ಡಿಗ್ರಿಯಲ್ಲಿ ಮೂರು ನಿಮಿಷ ಬರಿದೇ ಕಾಯಿಸಿ. ಬಿಡಿಸಿದ ಮಾಂಸದ ಅರ್ಧ ಭಾಗವನ್ನು ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಿ, ಎರಡು ಚಮಚ ರಸ ಚಿಮುಕಿಸಿ, 8 ನಿಮಿಷ ಇಡಿ. ನಡುವೆ ಒಮ್ಮೆ ಮಗುಚಿ. ಅಂಚು ಕಂದು, ಒಳಗೆ ಮೃದು. ಇನ್ನರ್ಧವನ್ನೂ ಹೀಗೇ ಮಾಡಿ. ಕೆಳಗಿನ ತಟ್ಟೆಗೆ ಎರಡು ಚಮಚ ನೀರು ಹಾಕಿಟ್ಟರೆ ಇಳಿದ ಕೊಬ್ಬು ಸುಟ್ಟು ಹೊಗೆಯಾಡುವುದಿಲ್ಲ. ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿ, ರೊಟ್ಟಿಯ ಮೇಲೆ ಮಾಂಸದ ಜೊತೆ ಇಟ್ಟು ಮಡಚಿ ಕೊಡಿ.

ಹಸಿ ಮಾಂಸವನ್ನೇ ನೇರವಾಗಿ ಏರ್ ಫ್ರೈಯರಿಗೆ ಏಕೆ ಹಾಕಬಾರದು ಎಂದು ಕೆಲವರು ಕೇಳುತ್ತಾರೆ. ಬಿಸಿಗಾಳಿ ಹೊರಮೈಯನ್ನು ಬೇಗ ಒಣಗಿಸುತ್ತದೆ. ದಪ್ಪ ತುಂಡಿನ ಒಳಗೆ ಅಷ್ಟರಲ್ಲಿ ಬೆಂದಿರುವುದಿಲ್ಲ, ಬೆಂದರೂ ನಾರು ಕರಗಿರುವುದಿಲ್ಲ. ಅರೆಬೆಂದ ಹಂದಿ ಮಾಂಸದಿಂದ ಲಾಡಿಹುಳು ದೇಹ ಸೇರುವ ಭಯವಿದೆ. ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿಗೆ ಏರುವುದರಿಂದ ಆ ಚಿಂತೆ ಇಲ್ಲ. ಬೇಯಿಸುವುದು ಕುಕ್ಕರಿನ ಕೆಲಸ, ಗರಿ ಮಾಡುವುದು ಪೆಟ್ಟಿಗೆಯ ಕೆಲಸ. ಹಸಿ ಮಾಂಸ ಮುಟ್ಟಿದ ಚಾಕು, ಮಣೆಗಳನ್ನು ತರಕಾರಿಗೆ ಬಳಸುವ ಮೊದಲು ಸೋಪು ಹಾಕಿ ತೊಳೆಯಲು ಮರೆಯಬೇಡಿ.

ಈಗ ಲೆಕ್ಕ. ಆ ದಿನ ಮಾಂಸಕ್ಕೆ 360 ರೂಪಾಯಿ ಆಯಿತು. ಮೂಸಂಬಿ, ನಿಂಬೆ, ಟೊಮೆಟೊ, ಈರುಳ್ಳಿ, ಅಕ್ಕಿ, ಮಸಾಲೆ ಎಲ್ಲ ಸೇರಿ 80. ಒಟ್ಟು 440 ರೂಪಾಯಿಯಲ್ಲಿ ಮಗ, ಅವನ ಇಬ್ಬರು ಗೆಳೆಯರು, ನಾವು ಮೂವರು, ಹೀಗೆ ಆರು ಜನ ಹೊಟ್ಟೆತುಂಬ ಉಂಡೆವು. ತಲೆಗೆ 74 ರೂಪಾಯಿಯೂ ಬೀಳಲಿಲ್ಲ. ಕರೆಂಟಿನ ವಿಚಾರವನ್ನೂ ಹೇಳಬೇಕು. ನಮ್ಮ ಪೆಟ್ಟಿಗೆ 1500 ವ್ಯಾಟಿನದು. ಇಪ್ಪತ್ತು ನಿಮಿಷ ನಡೆದರೆ ಹೆಚ್ಚೆಂದರೆ ಅರ್ಧ ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟು ಪುಕ್ಕಟೆ ಎಂಬ ಭಾವನೆ ನಮಗೆಲ್ಲ ಬಂದಿದೆ. ಆದರೆ ನಮಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ದಿನಾ ಎರಡು ಹೊತ್ತು ಇದನ್ನು ಓಡಿಸುವವರು ಮೀಟರಿನ ಮೇಲೂ ಒಂದು ಕಣ್ಣಿಡುವುದು ಒಳ್ಳೆಯದು. ಇಷ್ಟಾಗಿಯೂ ಈ ಪೆಟ್ಟಿಗೆ ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಬೆಂದ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಹರಡಿ ಅಲುಗಿಸದೆ ಬಿಟ್ಟರೆ ಅದೂ ಗರಿಯಾಗುತ್ತದೆ. ಇದಕ್ಕಾಗಿ ಸಾಲ ಮಾಡಿ ಯಂತ್ರ ಕೊಳ್ಳುವ ಅಗತ್ಯ ಖಂಡಿತ ಇಲ್ಲ.

ನಮ್ಮ ಓಣಿಯಲ್ಲಿ ಮಾಂಸವನ್ನೇ ಮುಟ್ಟದ ಮನೆಗಳಿವೆ, ಮೀನು ಕೋಳಿ ತಿಂದರೂ ಹಂದಿ ತಿನ್ನದ ಮನೆಗಳಿವೆ, ಮುಸ್ಲಿಮರ ಮನೆಗಳೂ ಇವೆ. ನಾಲ್ಕು ಮನೆಯವರು ಪರಸ್ಪರ ತಟ್ಟೆ ಕೊಟ್ಟು ತೆಗೆದುಕೊಂಡು ಬದುಕುವ ಊರಿನಲ್ಲಿ ಈ ವಿಷಯದಲ್ಲಿ ಎಚ್ಚರ ಬೇಕು. ಹಂದಿ ಮಾಂಸ ಮಾಡಿದ ಬುಟ್ಟಿಯಲ್ಲಿ ಅವರಿಗೆಂದು ನಾನು ಏನನ್ನೂ ಮಾಡಿಕೊಡುವುದಿಲ್ಲ. ತೊಳೆದಿದ್ದೇನೆ ಎಂದು ನನಗೆ ಗೊತ್ತಿದ್ದರೆ ಸಾಲದು. ಅವರ ಮನಸ್ಸಿಗೆ ಒಪ್ಪಿಗೆಯಾಗಬೇಕು. ಕೇಳದಿದ್ದರೂ ನಾನೇ ಮೊದಲು ಹೇಳಿಬಿಡುತ್ತೇನೆ. ಹಾಗೆ ಹೇಳುವುದರಿಂದ ಸ್ನೇಹ ಹೆಚ್ಚಾಗಿದೆಯೇ ಹೊರತು ಕಮ್ಮಿಯಾಗಿಲ್ಲ.

ಹಂದಿ ತಿನ್ನದವರು ಇದೇ ಮಸಾಲೆಯಲ್ಲಿ ಎಳೆ ಹಲಸಿನ ಗುಜ್ಜೆ ಮಾಡಿ ನೋಡಿ. ಮುಳ್ಳು, ಅಂಟು ತೆಗೆದು ಹೋಳು ಮಾಡಿ, ಕುಕ್ಕರಿನಲ್ಲಿ ಎರಡು ಸೀಟಿ ಸಾಕು. ಎಳೆ ಎಳೆಯಾಗಿ ಬಿಡಿಸಿ, ಎರಡು ಚಮಚ ತೆಂಗಿನೆಣ್ಣೆ ಸವರಿ 10 ನಿಮಿಷ ಗರಿ ಮಾಡಿ. ನೋಡುವುದಕ್ಕೂ ಮಾಂಸದಂತೆಯೇ ಇರುತ್ತದೆ. ಪಕ್ಕದ ಮನೆಯ ಅಕ್ಕ ತಮ್ಮದೇ ಮನೆಯ ಕಾವಲಿಯಲ್ಲಿ ಇದನ್ನು ಮಾಡಿ ನಮಗೂ ಒಂದು ಬಟ್ಟಲು ಕಳಿಸಿದ್ದರು.

ನಮ್ಮ ಅತ್ತೆಗೆ ಎಪ್ಪತ್ತಾರು ವರ್ಷ. ದುಕ್ರಾ ಮಾಸ್ ಬಿಟ್ಟು ಬೇರೆ ರೀತಿಯಲ್ಲಿ ಹಂದಿ ಮಾಡಿದರೆ ಅದು ಹಂದಿಗೇ ಅವಮಾನ ಎನ್ನುವವರು. ಅವರಿಗೆ ಗರಿಯಾದದ್ದು ಜಗಿಯಲಾಗುವುದಿಲ್ಲವೆಂದು ಮೆತ್ತಗಿನ ಪಾಲನ್ನು ರಸದ ಜೊತೆ ಬೇರೆ ತೆಗೆದಿಟ್ಟಿದ್ದೆ. ಒಂದು ರೊಟ್ಟಿ ಮುಗಿಸಿ, "ಸ್ವಲ್ಪ ವಿನೆಗರ್ ಹಾಕಿದ್ದರೆ ನಮ್ಮದೇ ಆಗುತ್ತಿತ್ತು" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನನಗೆ ಅಷ್ಟು ಸರ್ಟಿಫಿಕೇಟು ಸಾಕು.

ಹೊಸ ತಿಂಡಿ, ಹೊಸ ಯಂತ್ರಗಳ ಸುದ್ದಿ ಮಕ್ಕಳ ಮೂಲಕ ಮನೆಗೆ ಬರುತ್ತಲೇ ಇರುತ್ತದೆ. ಅವನ್ನೆಲ್ಲ ಕೊಳ್ಳಲು ನಮ್ಮಿಂದಾಗದು, ಕೊಳ್ಳಲೂಬೇಕಿಲ್ಲ. ಆದರೆ "ನಮ್ಮಲ್ಲಿ ಅದೆಲ್ಲ ಎಲ್ಲಿ" ಎಂದು ಮಕ್ಕಳು ಹೇಳಿದಾಗ ಸುಮ್ಮನಿರುವ ಬದಲು, ಆ ಅಡುಗೆಯಲ್ಲಿ ಏನೇನಿದೆ ಎಂದು ಒಮ್ಮೆ ಬಿಡಿಸಿ ನೋಡಿ. ಅರ್ಧಕ್ಕರ್ಧ ಸಾಮಾನು ನಮ್ಮ ಡಬ್ಬಿಗಳಲ್ಲೇ ಇರುತ್ತದೆ, ಉಳಿದದ್ದರ ಅಣ್ಣನೋ ತಮ್ಮನೋ ಹಿತ್ತಲಿನಲ್ಲಿರುತ್ತಾನೆ. ಇನ್ನು ಕುದಿಸಿ ಉಳಿದ ಆ ರಸವನ್ನು ಚೆಲ್ಲಬೇಡಿ. ಮಾರನೆಯ ದಿನ ಅದರಲ್ಲಿ ಎರಡು ಆಲೂಗಡ್ಡೆ ಬೇಯಿಸಿದರೆ ಬೆಳಗಿನ ದೋಸೆಗೆ ಬೇರೆ ಏನೂ ಬೇಡ.